ನಡೆಯಲು ಕಷ್ಟವಿರುವವರ ಬಚ್ಚಲುಮನೆ: ಖರ್ಚು ಬೀಳುವುದೆಲ್ಲಿ, ಭರಿಸುವವರು ಯಾರು?

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು, ಪಾರ್ಶ್ವವಾಯುವಿನಿಂದ ಒಂದು ಬದಿಯ ಬಲ ಕಳೆದುಕೊಂಡವರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಕೊಡುವ ಸೂಚನೆಗಳಲ್ಲಿ ಔಷಧದ ಅಂಗಡಿಯಲ್ಲಿ ಸಿಗದಂಥದ್ದು ಒಂದಿರುತ್ತದೆ: ನೆಲಮಟ್ಟದ ಕಕ್ಕಸು ಬೇಡ, ಎತ್ತರದ ಕಮೋಡ್ ಮಾಡಿಸಿ, ಬಚ್ಚಲಿನಲ್ಲಿ ಜಾರದಂತೆ ನೋಡಿಕೊಳ್ಳಿ. ಸೊಂಟದ ಕೀಲು ಬದಲಿಸಿಕೊಂಡವರಿಗೆ ಆ ಕೀಲನ್ನು ಕೆಲವು ವಾರಗಳ ಕಾಲ 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು ಅವರ ಪಾಲಿಗೆ ಅಂದಿನಿಂದಲೇ ಮುಚ್ಚಿದಂತೆ. ಹಾಸನದ ಸಾಧಾರಣ ಕುಟುಂಬವೊಂದು ಈ ಮಾತನ್ನು ಗಂಭೀರವಾಗಿ ಕೇಳಿಸಿಕೊಳ್ಳುವುದು ಬಿಡುಗಡೆಯ ಹಿಂದಿನ ದಿನ, ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಬರಿದಾದ ಹೊತ್ತಿನಲ್ಲಿ. ಗಾರೆಯವರನ್ನು ಹುಡುಕಲು ಉಳಿಯುವುದು ಒಂದೆರಡು ದಿನವಷ್ಟೇ.

ಆ ಅವಸರದಲ್ಲಿ ಮನೆಯವರು ವಿಚಾರಿಸುವುದು ಸಾಮಾನಿನ ಬೆಲೆಯನ್ನು: ಕಮೋಡ್ ಎಷ್ಟು, ಹಿಡಿಕೆ ಎಷ್ಟು, ಟೈಲ್ಸ್ ಎಷ್ಟು. ಸಾಮಾನಿನ ಬೆಲೆ ನಿಜಕ್ಕೂ ದೊಡ್ಡದಲ್ಲ. ಲೆಕ್ಕ ಕೈಮೀರುವುದು ನೆಲದ ಮಟ್ಟ, ಬಾಗಿಲಿನ ಅಗಲ ಮತ್ತು ನೆಲದಡಿಯ ಪೈಪು ಈ ಮೂರು ಕಡೆಗಳಲ್ಲಿ. ಅಂಗವೈಕಲ್ಯಕ್ಕೆ, ವೃದ್ಧಾಪ್ಯಕ್ಕೆ ಎಂದು ಸರ್ಕಾರ ಕೊಡುವ ಸಲಕರಣೆಯ ನೆರವಾದರೋ ಎತ್ತಿ ಒಯ್ಯಬಹುದಾದ ವಸ್ತುಗಳಿಗೆ ಸೀಮಿತವಾಗಿದ್ದು, ಗೋಡೆ, ನೆಲ, ಬಾಗಿಲುಗಳನ್ನು ಬದಲಿಸುವ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ. ಖರ್ಚು ಒಂದು ಕಡೆ, ನೆರವು ಇನ್ನೊಂದು ಕಡೆ ಎಂಬ ಈ ಹೊಂದಾಣಿಕೆಯಿಲ್ಲದ ಸ್ಥಿತಿಯೇ ಸಮಸ್ಯೆಯ ತಿರುಳು.

ಮೊದಲು ಅಗ್ಗದ ಭಾಗವನ್ನು ನೋಡೋಣ. ಕಾಲುಗಳಿಗೆ ರಬ್ಬರ್ ಇರುವ ಸ್ನಾನದ ಕುರ್ಚಿಗೆ ಅಂದಾಜು 1,500ರಿಂದ 3,500 ರೂಪಾಯಿ, ಇರುವ ಕಮೋಡಿನ ಮೇಲೆ ಕೂರಿಸಿ ಎತ್ತರ ಹೆಚ್ಚಿಸುವ ಪ್ಲಾಸ್ಟಿಕ್ ಸೀಟಿಗೆ 1,200ರಿಂದ 3,000, ಮಡಚುವ ಕಮೋಡ್ ಕುರ್ಚಿಗೆ 2,000ದಿಂದ 4,000, ಚಕ್ರವಿದ್ದರೆ ಅದರ ಸುಮಾರು ಎರಡರಷ್ಟು, ಗೋಡೆಗೆ ಬಿಗಿಯುವ ಸ್ಟೇನ್‌ಲೆಸ್ ಸ್ಟೀಲಿನ ಹಿಡಿಕೆ, ಅಂದರೆ ಗ್ರ್ಯಾಬ್ ಬಾರ್ ಒಂದಕ್ಕೆ 500ರಿಂದ 1,500, ಉದ್ದ ಪೈಪಿನ ಹ್ಯಾಂಡ್ ಶವರಿಗೆ ಒಂದೂವರೆ ಸಾವಿರದ ಆಸುಪಾಸು. ಗುಣಮಟ್ಟಕ್ಕೂ ಅಂಗಡಿಗೂ ತಕ್ಕಂತೆ ಏರಿಳಿಯುವ ಅಂದಾಜುಗಳಿವು. ವಾಕರ್ ಹಿಡಿದು ಹತ್ತು ಹೆಜ್ಜೆ ಇಡಬಲ್ಲವರಿಗೆ, ಅದೂ ಮನೆಯಲ್ಲಿ ಮೊದಲೇ ವೆಸ್ಟರ್ನ್ ಕಮೋಡ್ ಇದ್ದರೆ, ಹತ್ತು ಹನ್ನೆರಡು ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ಅಂಥವರ ಮನೆಯಲ್ಲಿ ಗೋಡೆ ಒಡೆಸುವ ಅಗತ್ಯವಿಲ್ಲ. ಯಾರಾದರೂ ಒಡೆಯೋಣ ಎಂದರೂ ಒಪ್ಪಬಾರದು.

ಈ ಪಟ್ಟಿಯಲ್ಲಿ ಗ್ರ್ಯಾಬ್ ಬಾರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಟವೆಲ್ ನೇತುಹಾಕುವ ಸರಳಿಗೂ ಇದಕ್ಕೂ ನೋಟದಲ್ಲಿ ಅಂತರ ಕಡಿಮೆ, ಹೊರಬೇಕಾದ ಭಾರದಲ್ಲಿ ಅಜಗಜಾಂತರ. ಆಯ ತಪ್ಪಿದ ಮನುಷ್ಯ ತನ್ನ ಇಡೀ ಭಾರವನ್ನು ಒಂದೇ ಎಳೆತದಲ್ಲಿ ಅದರ ಮೇಲೆ ಹಾಕುತ್ತಾನೆ. ಸುಟ್ಟ ಇಟ್ಟಿಗೆಯ ಅಥವಾ ಸಾಲಿಡ್ ಬ್ಲಾಕಿನ ದಪ್ಪ ಗೋಡೆಯಾದರೆ ಆಂಕರ್ ಬೋಲ್ಟ್ ಭದ್ರವಾಗಿ ಕೂರುತ್ತದೆ. ಹಾಲೋ ಬ್ಲಾಕಿನ ಗೋಡೆಯಲ್ಲಿ ಅದೇ ಬೋಲ್ಟು ಪೊಳ್ಳಿನೊಳಗೆ ಹೋಗಿ ಸುಮ್ಮನೆ ತಿರುಗುತ್ತದೆ. ಸಕಲೇಶಪುರ, ಆಲೂರು ಕಡೆಯ ಹಳೆಯ ಮಣ್ಣಿನ ಗೋಡೆಗಳಲ್ಲಂತೂ ಡ್ರಿಲ್ ಮಾಡಿ ಪ್ಲಾಸ್ಟಿಕ್ ಗಟ್ಟ ಬಡಿದು ಸ್ಕ್ರೂ ಹಾಕಿದರೆ ಕೆಲವೇ ದಿನಗಳಲ್ಲಿ ಎಲ್ಲವೂ ಸಡಿಲ. ಅಲ್ಲಿ ಗೋಡೆಯ ಆಚೆಬದಿಗೂ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟನ್ನು ಪೂರ್ತಿ ತೂರಿಸಬೇಕು, ಇಲ್ಲವೇ ಗೋಡೆಯ ಗೊಡವೆಯೇ ಬೇಡವೆಂದು ನೆಲದಲ್ಲಿ ಕಾಂಕ್ರೀಟ್ ಹಾಕಿ ಜಿಐ ಪೈಪಿನ ಚೌಕಟ್ಟು ನಿಲ್ಲಿಸಬೇಕು. ಸ್ಥಳೀಯ ವೆಲ್ಡಿಂಗ್ ಅಂಗಡಿಯವರು ಕೆಲವು ಸಾವಿರ ರೂಪಾಯಿಗೆ ಮಾಡಿಕೊಡುವ ಈ ಚೌಕಟ್ಟು ನೋಡಲು ಚೆಂದವಿಲ್ಲದಿದ್ದರೂ ಕೆಲಸದಲ್ಲಿ ಹೊಳೆಯುವ ಸರಕಿಗಿಂತ ಮೇಲು. ಗಾಳಿಯ ಒತ್ತಡದಿಂದ ಟೈಲ್ಸಿಗೆ ಅಂಟಿಕೊಳ್ಳುವ ಹಿಡಿಕೆಗಳನ್ನು ಮಾತ್ರ ನಂಬಬಾರದು. ಬೇಕಾದ ಕ್ಷಣದಲ್ಲಿಯೇ ಕಳಚಿಕೊಳ್ಳುವುದು ಅವುಗಳ ಸ್ವಭಾವ.

ಕಮೋಡಿನ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಸುಗಮ್ಯತೆಯ ಮಾರ್ಗಸೂಚಿಗಳು ಸೀಟಿನ ಎತ್ತರ 450ರಿಂದ 480 ಮಿಲಿಮೀಟರ್ ಇರಬೇಕೆನ್ನುತ್ತವೆ. ಮನೆಗಳಲ್ಲಿರುವ ಸಾಮಾನ್ಯ ಕಮೋಡುಗಳು 400ರ ಸುಮಾರಿಗೆ ನಿಲ್ಲುತ್ತವೆ. ಕೆಳಗೆ ಎರಡು ಮೂರು ಇಂಚಿನ ಸಿಮೆಂಟ್ ಪೀಠ ಕಟ್ಟಿ ಮೇಲೇರಿಸುವುದು ನಮ್ಮ ಮೇಸ್ತ್ರಿಗಳಿಗೆ ಗೊತ್ತಿರುವ ಉಪಾಯ. ಆದರೆ ಅದು ಸಲೀಸಾಗುವುದು ಮಲ ಹೋಗುವ ದಾರಿ ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಮಾದರಿಯಲ್ಲಿ. ಹಿಂಬದಿಯ ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪ್ ಮಾದರಿಯಲ್ಲಿ ಪೀಠ ಏರಿಸಿದರೆ ಪೈಪಿನ ಬಾಯಿ ಗೋಡೆಯ ರಂಧ್ರಕ್ಕೆ ಹೊಂದುವುದಿಲ್ಲ. ಇಂಡಿಯನ್ ಮಾದರಿಯನ್ನು ತೆಗೆದು ಕಮೋಡ್ ಕೂರಿಸುವುದು ಇನ್ನೂ ದೊಡ್ಡ ಕೆಲಸ. ಅದನ್ನು ಹುದುಗಿಸಿದ ಕಟ್ಟೆಯನ್ನು ಒಡೆಯಬೇಕು, ಟ್ರ್ಯಾಪ್ ಬದಲಿಸಬೇಕು, ನೆಲವನ್ನು ಮತ್ತೆ ಸಮಮಾಡಿ ಟೈಲ್ಸ್ ಹಾಕಬೇಕು. ಹಾಸನದ ಕುವೆಂಪುನಗರ, ವಿದ್ಯಾನಗರಗಳಂಥ ಬಡಾವಣೆಗಳಲ್ಲಿ ಮಹಡಿ ಮನೆಗಳೇ ಹೆಚ್ಚು. ಮೇಲಿನ ಮನೆಯ ಬಚ್ಚಲಿನಲ್ಲಿ ತಗ್ಗಿಸಿದ ಸ್ಲ್ಯಾಬಿನೊಳಗೆ ಪೈಪುಗಳಿದ್ದರೆ, ಒಡೆಯುವಾಗ ನೀರು ಜಿನುಗದಂತೆ ತಡೆಯುವ ಪದರವೂ ಹರಿಯುತ್ತದೆ. ಅದನ್ನು ಹೊಸದಾಗಿ ಹಾಕದೆ ಉಳಿತಾಯ ಮಾಡಿದವರಿಗೆ ಮುಂದಿನ ಮಳೆಗಾಲದ ಹೊತ್ತಿಗೆ ಕೆಳಗಿನ ಮನೆಯವರ ಚಾವಣಿಯ ಕಲೆ ಉತ್ತರ ಹೇಳುತ್ತದೆ.

ಬಾಗಿಲು ಬೇರೆಯೇ ಲೆಕ್ಕ. ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲಿಡುವುದು ನಮ್ಮಲ್ಲಿ ರೂಢಿ, ಹಳೆಯ ಮನೆಗಳಲ್ಲಿ ಎರಡೇ ಅಡಿಯದೂ ಉಂಟು. ಚೌಕಟ್ಟಿನ ದಪ್ಪ ಕಳೆದರೆ ಎರಡೂವರೆ ಅಡಿಯ ಬಾಗಿಲಿನಲ್ಲಿ ದಾಟಲು ಉಳಿಯುವುದು ಸುಮಾರು 26 ಇಂಚು. ಸಾಮಾನ್ಯ ಗಾಲಿಕುರ್ಚಿಯ ಹೊರಗಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಮಾರ್ಗಸೂಚಿ ಕೇಳುವುದು 900 ಮಿಲಿಮೀಟರ್, ಅಂದರೆ ಸರಿಸುಮಾರು ಮೂರಡಿ. ಸಾಲಗಾಮೆ ರಸ್ತೆಯ ಕಡೆಯ ಮನೆಯೊಂದರಲ್ಲಿ ಬಾಗಿಲಿನ ಹಲಗೆಯನ್ನೇ ಕಳಚಿಟ್ಟು ದಪ್ಪ ಪರದೆ ಕಟ್ಟಿದ್ದನ್ನು ನೋಡಿದ್ದೇನೆ. ತೆರೆದ ಹಲಗೆ ದಾರಿಯಲ್ಲಿ ತಿನ್ನುತ್ತಿದ್ದ ಒಂದೂವರೆ ಇಂಚು ಅದರಿಂದ ಸಿಕ್ಕಿ ಕುರ್ಚಿ ಒಳಗೆ ಹೋಗುತ್ತಿತ್ತು, ಆದರೂ ಚೌಕಟ್ಟಿನ ಎರಡೂ ಬದಿಗೆ ಗಾಲಿ ಉಜ್ಜಿದ ಕಪ್ಪು ಗೆರೆ ಬಿದ್ದಿತ್ತು. ನೆಂಟರು ಬಂದ ದಿನ ಆ ಮನೆಯ ಹಿರಿಯರು ಸ್ನಾನವನ್ನು ಮುಂದೂಡುತ್ತಿದ್ದರು. ಕೆಲವು ನೂರು ರೂಪಾಯಿಯ ಪರಿಹಾರವನ್ನು ಹೊಗಳುವ ಮುನ್ನ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾಗಿಲನ್ನು ನಿಜವಾಗಿ ಅಗಲ ಮಾಡಬೇಕೆಂದರೆ ಗೋಡೆ ಕೊಯ್ಯಬೇಕು. ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟಲ್, ಬಾಗಿಲಿನ ಅಳತೆಗಷ್ಟೇ ಇದ್ದರೆ ಅದರ ಊರುವ ತುದಿ ಕಳಚಿದಂತಾಗುವುದರಿಂದ ಹೊಸ ಲಿಂಟಲ್ ಹಾಕದೆ ವಿಧಿಯಿಲ್ಲ. ಮನೆಯ ಸುತ್ತ ಲಿಂಟಲ್ ಬೀಮ್ ಓಡಿಸಿರುವ ಈಚಿನ ಕಟ್ಟಡಗಳಲ್ಲಿ ಆ ತೊಂದರೆ ಇಲ್ಲ. ಒಂದೇ ಬಾಗಿಲಿನ ಕೆಲಸ ಹೊಸ ಚೌಕಟ್ಟು, ಹಲಗೆ, ಗಾರೆ, ಬಣ್ಣ ಎಲ್ಲ ಸೇರಿ ಹದಿನೈದು ಇಪ್ಪತ್ತು ಸಾವಿರ ದಾಟುವುದು ಅಪರೂಪವಲ್ಲ. ಅಗಲ ಮಾಡಲಾಗದಿದ್ದರೂ ಒಂದು ಬದಲಾವಣೆಯನ್ನು ಎಲ್ಲರೂ ಮಾಡಿಸಬಹುದು: ಒಳಗೆ ತೆರೆಯುವ ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿ, ಹೊರಗಿನಿಂದಲೂ ಬಿಡಿಸಬಹುದಾದ ಚಿಲಕ ಹಾಕಿಸುವುದು. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗಿ, ಸಹಾಯಕ್ಕೆ ಬಂದವರು ಬಾಗಿಲು ಒಡೆಯಬೇಕಾಗುವ ಪರಿಸ್ಥಿತಿಯನ್ನು ಬಡಗಿಯ ಒಂದು ದಿನದ ಕೂಲಿ ತಪ್ಪಿಸುತ್ತದೆ. ಈ ಇಡೀ ವಿಷಯದಲ್ಲಿ ಕೊಟ್ಟ ಹಣಕ್ಕೆ ಇಷ್ಟು ಪ್ರಯೋಜನ ಕೊಡುವ ಇನ್ನೊಂದು ಕೆಲಸ ನನಗೆ ಕಾಣುವುದಿಲ್ಲ.

ನೆಲದ ಮಟ್ಟದ ಪ್ರಶ್ನೆ ನಮ್ಮ ಸ್ನಾನದ ರೀತಿಯಿಂದ ಹುಟ್ಟಿದ್ದು. ಬಕೆಟ್ಟಿನಿಂದ ಮೈಮೇಲೆ ನೀರು ಸುರಿದುಕೊಳ್ಳುವವರ ಬಚ್ಚಲಿನಲ್ಲಿ ನೆಲವೆಲ್ಲ ಒದ್ದೆ. ಆ ನೀರು ಕೋಣೆಗೆ ಬರದಿರಲೆಂದು ಬಚ್ಚಲನ್ನು ಒಂದೆರಡು ಇಂಚು ತಗ್ಗಿಸಿ, ಬಾಗಿಲಿಗೆ ಗ್ರಾನೈಟ್ ಹೊಸ್ತಿಲು ಕೊಡುತ್ತಾರೆ. ನಮ್ಮ ಅನೇಕ ಮನೆಗಳಲ್ಲಿ ಇದು ಆರು ಇಂಚಿನ ಮೆಟ್ಟಿಲೇ ಆಗಿರುತ್ತದೆ. 1:12ರ ಇಳಿಜಾರಿನ ನಿಯಮದಂತೆ ಆರು ಇಂಚಿಗೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು, ಅಷ್ಟು ಜಾಗ ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಎಲ್ಲಿಂದ ಬರಬೇಕು? ಉಳಿಯುವ ದಾರಿ ಬಚ್ಚಲಿನ ನೆಲವನ್ನೇ ಎತ್ತರಿಸಿ, ಬಾಗಿಲಿಗೆ ಅಡ್ಡಲಾಗಿ ಉದ್ದನೆಯ ಜಾಲರಿಯ ಕಾಲುವೆ ಕೊಟ್ಟು, ನೀರು ಒಳಮುಖವಾಗಿ ಹರಿಯುವಂತೆ ಇಳಿಜಾರು ಹಾಕುವುದು. ಹಾಗೆ ಮಾಡಿದರೆ ಕಮೋಡು, ನಲ್ಲಿ, ಪೈಪುಗಳೆಲ್ಲ ಹೊಸ ಮಟ್ಟಕ್ಕೆ ಏರಬೇಕು. ಹೊಸ್ತಿಲು ತೆಗೆಸುವ ಚಿಕ್ಕ ಕೆಲಸ ಇಡೀ ಬಚ್ಚಲನ್ನು ಹೊಸದಾಗಿ ಕಟ್ಟುವ ಕೆಲಸವಾಗಿ ಬೆಳೆಯುವುದು ಹೀಗೆ.

ಹಾಸನದ ಹಳೆಯ ಭಾಗದ ಮನೆಗಳಲ್ಲಿ ಒಂದು ಅನುಕೂಲವಿದೆ. ಅಲ್ಲಿ ಕಕ್ಕಸು, ಬಚ್ಚಲು ಪಕ್ಕಪಕ್ಕದ ಎರಡು ಪುಟ್ಟ ಕೋಣೆಗಳಾಗಿರುತ್ತವೆ, ಒಂದೊಂದೂ ಮೂರಡಿಗೆ ನಾಲ್ಕಡಿಯಷ್ಟು, ನಡುವೆ ನಾಲ್ಕೂವರೆ ಇಂಚಿನ ಗೋಡೆ. ಆ ಗೋಡೆ ಭಾರ ಹೊತ್ತಿಲ್ಲವೆಂದು ಖಚಿತಪಡಿಸಿಕೊಂಡು ತೆಗೆದರೆ ಆರಡಿ ಮೀರಿದ ಉದ್ದದ ಒಂದೇ ಕೋಣೆ ಸಿಗುತ್ತದೆ. ಗಾಲಿಕುರ್ಚಿ ಪೂರ್ತಿ ತಿರುಗಲು ಬೇಕಾದ 1,500 ಮಿಲಿಮೀಟರ್ ವ್ಯಾಸ ಅಲ್ಲಿಯೂ ಸಿಗದಿರಬಹುದು, ಆದರೆ ನೇರ ಒಳಗೆ ಹೋಗಿ ಹಿಮ್ಮುಖವಾಗಿ ಹೊರಬರಲು, ಪಕ್ಕದಲ್ಲಿ ಒಬ್ಬರು ನಿಂತು ಕೈಹಿಡಿದು ಕೂರಿಸಲು ಜಾಗವಾಗುತ್ತದೆ. ಕೈಹಿಡಿಯುವ ಈ ಎರಡನೆಯ ವ್ಯಕ್ತಿಯನ್ನು ವಿದೇಶಿ ಕ್ಯಾಟಲಾಗಿನ ನಕ್ಷೆಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಮನೆಗಳಲ್ಲಿ ಆ ವ್ಯಕ್ತಿ ಹೆಂಡತಿಯೋ ಸೊಸೆಯೋ ಮಗಳೋ ಆಗಿದ್ದು, ಇಕ್ಕಟ್ಟಿನಲ್ಲಿ ಸೊಂಟ ತಿರುಚಿ ಭಾರ ಎತ್ತುವ ಅವರ ಬೆನ್ನುನೋವು ಯಾವ ಅಂದಾಜುಪಟ್ಟಿಯಲ್ಲೂ ಬರುವುದಿಲ್ಲ. ಸ್ನಾನದ ಜಾಗವನ್ನು ಗಾಜಿನ ತಡೆಯಿಂದ ಬೇರ್ಪಡಿಸುವ ಈಗಿನ ಷೋಕಿ ಇಂಥ ಮನೆಗಳಿಗೆ ಹೇಳಿಸಿದ್ದಲ್ಲ.

ಮಲೆನಾಡಿನ ತಾಲ್ಲೂಕುಗಳಲ್ಲಿ ಸ್ಥಿತಿ ಬೇರೆ. ಹಂಡೆ ಒಲೆಯ ಬಚ್ಚಲುಮನೆ ವಿಶಾಲವಾಗಿಯೇ ಇರುತ್ತದೆ, ಆದರೆ ಕಕ್ಕಸು ಎಷ್ಟೋ ಮನೆಗಳಲ್ಲಿ ಹಿತ್ತಲಿನ ಆಚೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಅಂಗಳವನ್ನು ಕೋಲೂರಿ ದಾಟುವುದೇ ಅಲ್ಲಿ ನಿಜವಾದ ಅಪಾಯ. ಒಳಗೆ ಎಷ್ಟು ಹಿಡಿಕೆ ಹಾಕಿಸಿದರೂ ದಾರಿಯಲ್ಲಿ ಬೀಳುವವರನ್ನು ಅವು ಹಿಡಿಯಲಾರವು. ಅಂಥ ಮನೆಗಳಲ್ಲಿ ಇರುವುದನ್ನು ತಿದ್ದುವುದಕ್ಕಿಂತ ಬಚ್ಚಲುಮನೆಯ ಮೂಲೆಯಲ್ಲಿಯೇ ಕಮೋಡ್ ಕೂರಿಸಿ ಪೈಪನ್ನು ಗುಂಡಿಗೆ ಸೇರಿಸುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು. ಬಚ್ಚಲುಮನೆಯ ಪಕ್ಕದಲ್ಲೇ ಅಡುಗೆಮನೆಯೋ ದೇವರಕೋಣೆಯೋ ಇದ್ದರೆ ಮಡಿ ಮೈಲಿಗೆಯ ಮಾತು ಏಳುವುದುಂಟು. ಅದನ್ನು ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು, ಗಾರೆಯವರು ಬಂದು ನಿಂತ ಮೇಲೆ ಅಲ್ಲ.

ಒಟ್ಟು ಎಷ್ಟಾದೀತು? ಇಂಡಿಯನ್ ಮಾದರಿ ತೆಗೆದು ಕಮೋಡ್ ಹಾಕಿ, ಜಾರದ ಟೈಲ್ಸ್ ಮತ್ತು ಹಿಡಿಕೆಗಳೊಂದಿಗೆ ಮುಗಿಸಿದರೆ ಅಂದಾಜು 35,000ದಿಂದ 60,000 ರೂಪಾಯಿ. ಬಾಗಿಲು, ಮಟ್ಟ, ನಡುಗೋಡೆ ಎಲ್ಲವನ್ನೂ ಮುಟ್ಟಿದರೆ ಲಕ್ಷ ದಾಟಿ ಎರಡು ಲಕ್ಷದ ಹತ್ತಿರಕ್ಕೆ ಹೋಗಬಹುದು. ಎರಡನೆಯ ಮೊತ್ತದಲ್ಲಿ ಕೂಲಿಯ ಪಾಲು ಎದ್ದು ಕಾಣುತ್ತದೆ. ಗಾರೆ, ಪ್ಲಂಬಿಂಗ್, ಟೈಲ್ಸ್, ಮರಗೆಲಸ, ವಿದ್ಯುತ್ ಎಂದು ಐದು ಬಗೆಯ ಕೆಲಸಗಾರರು ಒಂದೊಂದು ದಿನದ ಕೆಲಸಕ್ಕೆ ಎರಡು ಮೂರು ಸಲ ಬರಬೇಕಾಗುತ್ತದೆ. ಇಂಥ ಚಿಕ್ಕ ಕೆಲಸಕ್ಕೆ ಮೇಸ್ತ್ರಿಗಳು ಒಪ್ಪುವುದಿಲ್ಲವೆಂಬ ದೂರು ಸಾಮಾನ್ಯ. ಅವರ ಕಡೆಯಿಂದ ನೋಡಿದರೆ, ಒಡೆದ ಮೇಲಷ್ಟೇ ಒಳಗೇನಿದೆಯೆಂದು ತಿಳಿಯುವ ಕೆಲಸಕ್ಕೆ ಮುಂಚಿತವಾಗಿ ಬೆಲೆ ಹೇಳುವುದು ಜೂಜೇ ಸರಿ. ಒಂದೇ ಬಚ್ಚಲಿರುವ ಮನೆಯವರು ಎಂಟು ಹತ್ತು ದಿನ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು, ಅದೂ ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು.

ಈಗ ನೆರವಿನ ಕಡೆ ನೋಡಿದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯೊಳಗಿನ ಚಿಕಿತ್ಸೆಯ ವೆಚ್ಚ ಭರಿಸುತ್ತದೆ, ಮನೆಯ ಬಚ್ಚಲು ಅದರ ವ್ಯಾಪ್ತಿಗೆ ಸೇರಿದ್ದಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಕಮೋಡ್ ಇರುವ ಕುರ್ಚಿ ಸಿಗುತ್ತವೆ. ಅಂಗವಿಕಲರಿಗಾಗಿ ಇರುವ ಎಡಿಐಪಿ ಯೋಜನೆಯದೂ ಇದೇ ಬಗೆ. ಗಾಲಿಕುರ್ಚಿ ಕೊಡುವ ಸರ್ಕಾರ ಅದು ದಾಟಬೇಕಾದ ಬಾಗಿಲಿನ ಬಗ್ಗೆ ಯೋಚಿಸಿಲ್ಲ. ಸ್ವಚ್ಛ ಭಾರತ್ ಅಭಿಯಾನದಲ್ಲಿ ಗ್ರಾಮೀಣ ಕುಟುಂಬಕ್ಕೆ ಹೊಸ ಶೌಚಾಲಯಕ್ಕೆಂದು 12,000 ರೂಪಾಯಿ ಪ್ರೋತ್ಸಾಹಧನವಿದೆ. ಆ ಹಣದಲ್ಲಿ ಎದ್ದ ಕಿರಿದಾದ, ಮೆಟ್ಟಿಲು ಹತ್ತಿ ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸುಗಳು ಮನೆಯ ಹಿರಿಯರಿಗೆ ಈಗ ಎಟುಕುತ್ತಿಲ್ಲವಾದರೂ, ಲೆಕ್ಕದ ಪುಸ್ತಕದಲ್ಲಿ ಆ ಮನೆಗೆ ಶೌಚಾಲಯ ಬಂದಾಗಿದೆ. ಇನ್ನು ಮಾಸಾಶನ: 2021ರ ಪರಿಷ್ಕರಣೆಯಲ್ಲಿ ಸಂಧ್ಯಾ ಸುರಕ್ಷಾ 1,200 ರೂಪಾಯಿಗೆ, ಶೇ. 40ರಿಂದ 75ರವರೆಗಿನ ಅಂಗವೈಕಲ್ಯದ ಮಾಸಾಶನ 800 ರೂಪಾಯಿಗೆ ಏರಿತು. ಆ 800 ರೂಪಾಯಿ ನುರಿತ ಗಾರೆಯವರ ಒಂದು ದಿನದ ಕೂಲಿಗೆ ಸಾಲುವುದೂ ಕಷ್ಟ.

ತೆರಿಗೆಯಲ್ಲೂ ಅದೇ ತಾರತಮ್ಯ. ಗಾಲಿಕುರ್ಚಿಗೆ, ಊರುಗೋಲಿಗೆ ಜಿಎಸ್‌ಟಿ ಶೇ. 5, ಆ ಕುರ್ಚಿಯಿಂದ ಎದ್ದು ಕೂರಲು ಬೇಕಾದ ಕಮೋಡ್, ಸ್ಟೀಲ್ ಹಿಡಿಕೆ, ಟೈಲ್ಸುಗಳಿಗೆ ಶೇ. 18. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದ್ದರೂ ಒಂದು ಬಚ್ಚಲಿಗೆ ಬೇಕಾಗುವ ನಾಲ್ಕೈದು ಮೂಟೆಗೆ ಅದರಿಂದಾಗುವ ಉಳಿತಾಯ ಹೆಚ್ಚಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಅವಲಂಬಿತ ಅಂಗವಿಕಲರ ಆರೈಕೆಗೆಂದು ಕಾಯ್ದೆಯ ಸೆಕ್ಷನ್ 80ಡಿಡಿ ಅಡಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ವಿನಾಯಿತಿ ಸಿಗುತ್ತ ಬಂದಿದೆ. ಅದಕ್ಕೆ ಕನಿಷ್ಠ ಶೇ. 40ರ ಪ್ರಮಾಣಪತ್ರ ಬೇಕು. ಮಂಡಿ ಸವೆದು ವಾಕರ್ ಹಿಡಿದವರು, ಮೂಳೆ ಮುರಿದು ಆರು ತಿಂಗಳು ನಡೆಯಲಾಗದವರು ಕಾಗದದ ಮೇಲೆ ಅಂಗವಿಕಲರಲ್ಲ, ಬಚ್ಚಲಿನ ಬಾಗಿಲಲ್ಲಿ ಮಾತ್ರ ಹೌದು.

ಕಾನೂನು ಮನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸುಗಮ್ಯತೆಯ ನಿಯಮ ಪಾಲಿಸದ ಸಂಸ್ಥೆಗಳಿಗೆ ಕಟ್ಟಡದ ಪರವಾನಗಿ ಕೊಡಬಾರದೆನ್ನುತ್ತದೆ; 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳು ಬರಿಯ ಶಿಫಾರಸುಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಹೇಳಿತು. ಖಾಸಗಿ ಮನೆಯ ಬಚ್ಚಲು ಇದರ ಹೊರಗೆ, ಅದು ಹೊರಗಿರುವುದು ಸಹಜವೂ ಹೌದು. ಆದರೆ ಕಡ್ಡಾಯ ಮಾಡದೆಯೂ ನೆರವಾಗಬಹುದು. ಜಪಾನಿನಲ್ಲಿ 2000ದಿಂದ ಜಾರಿಯಲ್ಲಿರುವ ಆರೈಕೆ ವಿಮೆ ಮನೆಯ ಮಾರ್ಪಾಡಿನ 2 ಲಕ್ಷ ಯೆನ್‌ವರೆಗಿನ ವೆಚ್ಚವನ್ನು ಲೆಕ್ಕಕ್ಕೆ ಹಿಡಿದು, ಅದರಲ್ಲಿ ಶೇ. 10ರಿಂದ 30ರಷ್ಟನ್ನು ಮಾತ್ರ ಫಲಾನುಭವಿಯಿಂದ ಪಡೆಯುತ್ತದೆ. ಸಿಂಗಪುರ 2012ರಿಂದ ಸರ್ಕಾರಿ ವಸತಿಗಳ ಹಿರಿಯರ ಬಚ್ಚಲಿಗೆ ಹಿಡಿಕೆ ಹಾಕಿ, ನೆಲವನ್ನು ಜಾರದಂತೆ ಮಾಡಿಕೊಡುವ ಯೋಜನೆ ನಡೆಸುತ್ತಿದೆ.

ಅಷ್ಟು ದೊಡ್ಡ ವ್ಯವಸ್ಥೆ ಇಲ್ಲದೆಯೂ ಇಲ್ಲಿ ಕೈಗೆಟುಕುವ ದಾರಿಯೊಂದಿದೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ತಮ್ಮ ಸಂಪನ್ಮೂಲದ ಶೇ. 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಈ ಅನುದಾನ ಎಂದರೆ ಸಮಾರಂಭದಲ್ಲಿ ತ್ರಿಚಕ್ರ ವಾಹನ ಹಂಚುವುದು ಎಂಬ ಕಲ್ಪನೆ ಬೇರೂರಿದೆ, ಏಕೆಂದರೆ ಹಂಚಿದ ವಸ್ತು ಫೋಟೋಗೆ ಸಿಗುತ್ತದೆ, ತಗ್ಗಿಸಿದ ಹೊಸ್ತಿಲು ಸಿಗುವುದಿಲ್ಲ. ಕಾರ್ಯಕರ್ತರು ಮನೆ ನೋಡಿ, ಪಂಚಾಯಿತಿಯ ಎಂಜಿನಿಯರ್ ಅಂದಾಜು ಮಾಡಿ, 25,000 ರೂಪಾಯಿ ಮಿತಿಯೊಳಗೆ ಬಾಗಿಲು, ಹೊಸ್ತಿಲು, ಕಮೋಡಿನ ಕೆಲಸ ಮಾಡಿಸಿಕೊಡುವಂತಾದರೆ ಆ ಹಣ ಹೆಚ್ಚು ಮನೆಗಳಲ್ಲಿ ದಿನನಿತ್ಯ ಉಪಯೋಗಕ್ಕೆ ಬರುತ್ತದೆ. ಆದರೆ ಪ್ರಮಾಣಪತ್ರವಿಲ್ಲದ ಹಿರಿಯರು ಇದರಿಂದಲೂ ಹೊರಗುಳಿಯುತ್ತಾರೆ; ಅವರನ್ನು ತಲುಪಬೇಕಾದರೆ ಶೌಚಾಲಯದ ಪ್ರೋತ್ಸಾಹಧನವನ್ನೇ ಹೊಸದರ ಜೊತೆಗೆ ದುರಸ್ತಿಗೂ ವಿಸ್ತರಿಸಬೇಕಾಗುತ್ತದೆ.

ಬಾಡಿಗೆಗೆ, ಭೋಗ್ಯಕ್ಕೆ ಇರುವವರ ತೊಡಕು ಮಾತ್ರ ಈ ಯಾವ ಪ್ರಸ್ತಾಪದಿಂದಲೂ ಬಗೆಹರಿಯುವುದಿಲ್ಲ. ಭೋಗ್ಯದ ಹಣ ಕೊಟ್ಟು ಎರಡು ಮೂರು ವರ್ಷಕ್ಕೆ ಮನೆ ಹಿಡಿದವರು ಮಾಲೀಕರ ಗೋಡೆಗೆ ಲಕ್ಷ ಸುರಿಯಲಾರರು, ಮಾಲೀಕರೂ ತಮ್ಮ ಟೈಲ್ಸಿಗೆ ಡ್ರಿಲ್ ಹಾಕಿಸಲು ಹಿಂಜರಿಯುತ್ತಾರೆ. ಅಂಥವರಿಗೆ ಸದ್ಯಕ್ಕೆ ಸಲ್ಲುವುದು ಇಂಡಿಯನ್ ಕಕ್ಕಸಿನ ಮೇಲೆಯೇ ನಿಲ್ಲಿಸಬಹುದಾದ ಚೌಕಟ್ಟಿನ ಕಮೋಡ್ ಕುರ್ಚಿ, ನೆಲಕ್ಕೆ ಹಾಸುವ ರಬ್ಬರ್ ಮ್ಯಾಟು, ಮತ್ತು ಕರಾರುಪತ್ರ ಬರೆಯುವಾಗಲೇ ಹಿಡಿಕೆ ಹಾಕಿಸಲು, ಬಾಗಿಲು ತಿರುಗಿಸಲು ಮಾಲೀಕರ ಒಪ್ಪಿಗೆಯನ್ನು ಒಂದು ಸಾಲಿನಲ್ಲಿ ಸೇರಿಸಿಕೊಳ್ಳುವುದು. ಸ್ವಂತ ಮನೆ ಕಟ್ಟಿಸುತ್ತಿರುವವರಿಗೆ ಈ ತಾಪತ್ರಯವೇ ಬೇಡ: ನೆಲಮಹಡಿಯ ಒಂದು ಬಚ್ಚಲಿಗೆ ಮೂರಡಿಯ ಬಾಗಿಲು, ಹೊರಗೆ ತೆರೆಯುವ ಹಲಗೆ, ಮೆಟ್ಟಿಲಿಲ್ಲದ ನೆಲ, ಕಮೋಡಿನ ಪಕ್ಕಕ್ಕೆ ಸಾಲಿಡ್ ಬ್ಲಾಕಿನ ಗೋಡೆ ಎಂದು ನಕ್ಷೆಯ ಹಂತದಲ್ಲಿಯೇ ಎಂಜಿನಿಯರಿಗೆ ಹೇಳಿದರೆ ಹೆಚ್ಚುವರಿ ಖರ್ಚು ಕೆಲವೇ ಸಾವಿರಗಳಲ್ಲಿ ಮುಗಿಯುತ್ತದೆ.